ಅಪ್ಪ ರುಚಿ ನೋಡಿದ ಭಾನುವಾರ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಅಂತ ಬೇರೆ ಒಲೆಯೇ ಇರಲಿಲ್ಲ ಅಂದರೆ ನಂಬುತ್ತೀರಾ? ಇನ್ನೂರು ಜನಕ್ಕೆ ಅನ್ನ ಬೇಯುವ ಒಲೆಯೇ ನಮ್ಮ ಒಲೆ! ಅಪ್ಪ ಮೈಸೂರಿನ ಒಂದು ಕಾಲೇಜ್ ಹಾಸ್ಟೆಲಿನಲ್ಲಿ ದೊಡ್ಡ ಭಟ್ಟರಾಗಿದ್ದರು. ಅಡುಗೆಮನೆಯ ಹಿಂದಿನ ಒಂದೇ ಕೋಣೆಯಲ್ಲಿ ಅಪ್ಪ, ಅಮ್ಮ, ಅಕ್ಕ, ನಾನು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಮೂಗಿಗೆ ಗೊತ್ತಾಗಿಬಿಡುತ್ತಿತ್ತು, ಇವತ್ತು ಉಪ್ಪಿಟ್ಟೋ ಇಡ್ಲಿಯೋ ಅಂತ. ಮಧ್ಯಾಹ್ನ ಹುರಿದ ಕೊತ್ತಂಬರಿ, ಇಂಗು, ಹೊಸ ಬೆಲ್ಲ ಎಲ್ಲ ಸೇರಿದ ಹುಳಿಯ ಘಮ ರಸ್ತೆಯವರೆಗೂ ಹೋಗುತ್ತಿತ್ತು.

ಅಪ್ಪನದು ಒಂದು ನೇಮವಿತ್ತು. ಕೊನೆಯ ಹುಡುಗ ಉಂಡು ಕೈ ತೊಳೆಯುವವರೆಗೂ ಅವರ ನಾಲಿಗೆಗೆ ಏನೂ ತಾಗಕೂಡದು. ಅಂದಮೇಲೆ ಉಪ್ಪು, ಹುಳಿ ನೋಡುವುದು ಹೇಗೆ? ಮೂಗಿನಿಂದಲೇ! ಹಂಡೆಯ ಮೇಲೆ ಬಗ್ಗಿ, ಕೈಯಿಂದ ಆವಿ ಎಳೆದುಕೊಂಡು, "ಇನ್ನೊಂದು ಹಿಡಿ ಉಪ್ಪು" ಅನ್ನುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ.

ಆದರೆ ಆ ವರ್ಷ ಬಿಜಾಪುರ, ಧಾರವಾಡದ ಕಡೆಯಿಂದ ತುಂಬ ಹುಡುಗರು ಬಂದು ಸೇರಿದ್ದರು. ಅವರಿಗೆ ನಮ್ಮ ಅಡುಗೆ ಹಿಡಿಸಲೇ ಇಲ್ಲ. ದಿನಾ ಅದೇ ಹುಳಿ, ಅದೇ ಸಾರು, ಎಲ್ಲದರಲ್ಲೂ ಸಿಹಿ ಅಂತ ಗೊಣಗುತ್ತ, ಊರಿಂದ ತಂದ ಒಣ ಜೋಳದ ರೊಟ್ಟಿಯನ್ನು ರೂಮಿನಲ್ಲೇ ಮುರಿದು ತಿನ್ನುತ್ತಿದ್ದರು. ಊಟದ ಹಾಲ್ ಅರ್ಧ ಖಾಲಿ. ಕೊನೆಗೆ ವಾರ್ಡನ್ ಸಾಹೇಬರು ಅಪ್ಪನನ್ನು ಕರೆದು, "ಈ ತಿಂಗಳ ಕೊನೇ ಭಾನುವಾರ ಹಾಲ್ ತುಂಬ್ಲಿಲ್ಲ ಅಂದ್ರೆ ಒಂದನೇ ತಾರೀಖಿಂದ ಬೇರೆ ಭಟ್ಟರು ಬರ್ತಾರೆ ಕಣ್ರೀ" ಅಂದುಬಿಟ್ಟರು. ಬೇರೆ ಭಟ್ಟರು ಬಂದರೆ ಆ ಕೋಣೆಯೂ ಅವರದೇ. ನಮಗೆ ಹೋಗಲು ಇನ್ನೊಂದು ಜಾಗವೇ ಇರಲಿಲ್ಲ.

ಅಪ್ಪ ಒಂದು ಉಪಾಯ ಮಾಡಿದರು. ಮೆಸ್ ಸೆಕ್ರೆಟರಿ ಆಗಿದ್ದ ಬಿಜಾಪುರದ ಅಣ್ಣನಿಗೆ ಹೇಳಿ, ಅವನ ತಾಯಿಯಿಂದ ಬದನೆಕಾಯಿ ಎಣ್ಣೆಗಾಯಿ ಮಾಡುವ ಬಗೆಯನ್ನು ಕಾಗದದಲ್ಲಿ ಬರೆಸಿ ತರಿಸಿದರು. ಭಾನುವಾರ ಎಣ್ಣೆಗಾಯಿ ಅಂತ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಆಯಿತು. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ!

ಭಾನುವಾರ ಬೆಳಿಗ್ಗೆ ನೋಡಿದರೆ ಅಪ್ಪನಿಗೆ ನೆಗಡಿ. ಮೂಗು ಪೂರ್ತಿ ಕಟ್ಟಿತ್ತು. ಇಂಗಿನ ಡಬ್ಬಿ ಮೂಗಿಗೆ ಹಿಡಿದರೂ ಏನೂ ತಿಳಿಯುತ್ತಿಲ್ಲ. ಅಮ್ಮನಿಗೂ ಅಕ್ಕನಿಗೂ ಆವತ್ತು ಒಪ್ಪತ್ತು, ಏನೂ ಬಾಯಿಗೆ ಹಾಕುವಂತಿಲ್ಲ. ಅಪ್ಪ ಸುತ್ತ ನೋಡಿ ನನ್ನನ್ನು ಕರೆದರು. "ಬಾ ಮಗಾ, ಇವತ್ತು ನೀನೇ ನನ್ನ ಮೂಗು."

ಅಬ್ಬಾ, ನನ್ನ ಜಂಬ ಏನು ಕೇಳುತ್ತೀರಿ! ಏಳು ವರ್ಷದವಳು ನಾನು, ಮಣೆಯ ಮೇಲೆ ನಿಂತು ಅಂಗೈ ಚಾಚಿದೆ. ಅಕ್ಕ ಕಾಗದ ಓದುತ್ತಿದ್ದಳು, ಅಪ್ಪ ಹಾಕುತ್ತಿದ್ದರು. ಎಳೆ ಬದನೆಕಾಯಿ ಎಣ್ಣೆಯಲ್ಲಿ ಚುರ್ ಅನ್ನುತ್ತ ಬಾಡುತ್ತಿತ್ತು, ಎಳ್ಳು, ಶೇಂಗಾ, ಒಣಕೊಬ್ಬರಿಯ ಮಸಾಲೆ ಕೆಂಪಗೆ ಕುದಿಯುತ್ತಿತ್ತು. ಅಪ್ಪ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟರು. ನೆಕ್ಕಿದೆ. ಖಾರ! "ಬೆಲ್ಲ ಕಮ್ಮಿ" ಅಂದೆ. ದೊಡ್ಡದೊಂದು ಉಂಡೆ ಬಿತ್ತು. ಮತ್ತೆ ನೆಕ್ಕಿದೆ. "ಇನ್ನೂ ಬೇಕು." "ಬೆರಳ ತುದಿಯಷ್ಟು ಅಂತ ಬರೆದಿದಾರೆ ಕಣೇ!" ಅಂತ ಅಕ್ಕ ಕೂಗಿಕೊಂಡಳು. ನಾನು ಕೇಳಬೇಕಲ್ಲ? ನಮ್ಮ ಹುಳಿಯ ರುಚಿ ಬರುವವರೆಗೂ ನಾನು ಬಿಡಲಿಲ್ಲ. ನಾಲ್ಕು ಉಂಡೆ ಹಾಕಿಸಿದೆ.

ಹನ್ನೆರಡೂವರೆಗೆ ಗಂಟೆ ಹೊಡೆಯಿತು. ಬಂದರು, ಎಲ್ಲರೂ ಬಂದರು! ಕಂಕುಳಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡು ಸಾಲಾಗಿ ಕೂತರು. ಬಾಗಿಲಲ್ಲಿ ವಾರ್ಡನ್ ಸಾಹೇಬರು ಕೈ ಕಟ್ಟಿ ನಿಂತಿದ್ದರು. ಮೊದಲ ಸಾಲಿಗೆ ಅಪ್ಪನೇ ಬಡಿಸಿದರು. ಸೆಕ್ರೆಟರಿ ಅಣ್ಣ ಒಂದು ತುತ್ತು ಬಾಯಿಗಿಟ್ಟು, ತಲೆ ಎತ್ತಿ, "ಭಟ್ರ, ಇದು ಪಲ್ಯಾ ಅಲ್ರೀ, ಪಾಯಸ ಆಗೇತಿ!" ಅಂದ. ಹಾಲ್ ಪೂರ್ತಿ ನಕ್ಕಿತು. ಇಬ್ಬರು ಎದ್ದೂ ನಿಂತರು.

ಅಪ್ಪ ಸೌಟು ಕೆಳಗಿಟ್ಟು ಬಾಗಿಲಲ್ಲಿದ್ದ ವಾರ್ಡನ್ ಸಾಹೇಬರ ಕಡೆ ನೋಡಿದರು. ನಾನು ಒಂದೇ ಓಟಕ್ಕೆ ಊಟದ ಹಾಲ್ ನಡುವೆ ಹೋಗಿ, "ಅಪ್ಪಂದು ತಪ್ಪಿಲ್ಲ! ಅವರಿಗೆ ನೆಗಡಿ! ಬೆಲ್ಲ ನಾನೇ ಹಾಕಿಸ್ಬುಟ್ಟೆ! ನಮ್ಮನ್ನ ಓಡಿಸ್ಬೇಡಿ!" ಅಂತ ಹೋ ಅಂತ ಅಳತೊಡಗಿದೆ. ನಗು ನಿಂತುಹೋಯಿತು.

ಸೆಕ್ರೆಟರಿ ಅಣ್ಣ ಎದ್ದು ಬಂದ. "ಯಾಕ ಅಳ್ತಿ ತಂಗಿ? ನೀ ಸಣ್ಣಾಕಿ, ನಿನಗೇನ್ ಗೊತ್ತು ನಮ್ಮ ಖಾರ? ತಡಿ" ಅಂದು ರೂಮಿಗೆ ಓಡಿ, ಟ್ರಂಕಿನಿಂದ ಎರಡು ಡಬ್ಬಿ ತಂದ. ಒಂದರಲ್ಲಿ ಕೆಂಪು ಖಾರ, ಇನ್ನೊಂದರಲ್ಲಿ ಹುರಿದ ಶೇಂಗಾಪುಡಿ. ಚಪ್ಪಲಿ ಬಿಟ್ಟು ಸೀದಾ ನಮ್ಮ ಅಡುಗೆಮನೆಯೊಳಗೇ ಬಂದ. ಒಬ್ಬ ಹುಡುಗ ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಹಂಡೆಯಲ್ಲಿ ಉಳಿದಿದ್ದ ಎಣ್ಣೆಗಾಯಿಗೆ ಖಾರ, ಪುಡಿ, ಹುಣಸೆರಸ ಎಲ್ಲ ಸುರಿದು ಕುದಿಸಿದ. ಆಮೇಲೆ ಸೌಟನ್ನು ಅಪ್ಪನ ಮುಂದೆ ಹಿಡಿದು, "ನೀವ ರುಚಿ ನೋಡ್ರಿ ಭಟ್ರ. ನಾಳೆ ಮಾಡೋರು ನೀವ" ಅಂದ.

ಅಪ್ಪ ಅಮ್ಮನ ಮುಖ ನೋಡಿದರು, ಖಾಲಿ ತಟ್ಟೆಗಳ ಮುಂದೆ ಕಾಯುತ್ತಿದ್ದ ಹುಡುಗರನ್ನು ನೋಡಿದರು. ನಾಳೆಯೂ ನೀವೇ ಅಂದನಲ್ಲ! ಅಂಗೈ ಚಾಚಿ ನೆಕ್ಕೇಬಿಟ್ಟರು. ಅಯ್ಯೋ ಶಿವನೇ, ಆ ಮುಖ ನೋಡಬೇಕಿತ್ತು! ಕಿವಿಯೆಲ್ಲ ಕೆಂಪಾಗಿ, ಕಣ್ಣಲ್ಲಿ ದಳದಳ ನೀರು, ಕಟ್ಟಿದ್ದ ಮೂಗು ಒಂದೇ ಸಲಕ್ಕೆ ಬಿಟ್ಟುಕೊಂಡಿತು. "ಏನಪ್ಪಾ ಇದು, ಪ್ರಾಣ ಹೋಗೋ ಖಾರ! ಆದ್ರೂ ಇನ್ನೊಂದು ತೊಟ್ಟು ಹಾಕು" ಅಂದರು. ಅಕ್ಕ ಬಿದ್ದು ಬಿದ್ದು ನಕ್ಕಳು.

ಆಮೇಲೆ ಊಟದ ಹಾಲ್ ತುಂಬ ರೊಟ್ಟಿ ಮುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಂಡೆ ತಳ ಕಂಡಿತು. ವಾರ್ಡನ್ ಸಾಹೇಬರೂ ಒಂದು ತಟ್ಟೆ ಹಾಕಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ, "ಮುಂದಿನ ಭಾನುವಾರ ಏನ್ ಮಾಡ್ತೀರಿ ಭಟ್ಟರೇ?" ಅಂತ ಕೇಳಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುಂದೆ ಎಷ್ಟು ತಾಯಂದಿರ ಕಾಗದ ಬಂದವು ಅಂತೀರಿ! ಕೊಡಗಿನ ಅಕ್ಕಿತರಿಯ ಉಂಡೆ ಕಡಂಬುಟ್ಟು, ಮಂಗಳೂರಿನ ನೀರುದೋಸೆ, ಒಂದೊಂದು ಭಾನುವಾರ ಒಂದೊಂದು ಊರು.

ಮೊನ್ನೆ ನನ್ನ ದೊಡ್ಡ ಮೊಮ್ಮಗಳು ಕುವೆಂಪುನಗರದ ಮನೆಯಿಂದ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತನ್ನ ಕಾಲೇಜಿನ ಊಟದ ಹಾಲಿಗೆ ಕರೆದೊಯ್ದಳು. ಏನು ವೈಭವ ಮಕ್ಕಳೇ! ನೂಡಲ್ಸು, ಪಾಸ್ತಾ, ಪನೀರು, ಮುದ್ದೆ, ಜೋಳದ ರೊಟ್ಟಿ ಕೂಡ! ನನಗೆ ಎಲ್ಲವನ್ನೂ ತಿನ್ನುವ ಆಸೆ. ಅವಳು ಮಾತ್ರ ಗೋಬಿಯ ಒಂದು ಚೂರು ಕಚ್ಚಿ, "ಥೂ, ಉಪ್ಪು" ಅಂದು ಫೋನ್ ತೆಗೆದು ಆ ಊಟಕ್ಕೆ ಒಂದೇ ಸ್ಟಾರ್ ಒತ್ತಲು ಹೊರಟಳು.

"ಯಾರು ಮಾಡಿದ್ದು ಇದನ್ನ?" ಅಂತ ಕೇಳಿದೆ.

"ನಂಗೇನ್ ಗೊತ್ತಜ್ಜಿ? ಒಳಗಡೆ ಯಾರೋ ಮಾಡ್ತಾರೆ."

"ಆ ಯಾರೋ ನನ್ನಪ್ಪ ಕಣೇ" ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು.

ಅವಳು ಫೋನ್ ಮೇಜಿನ ಮೇಲಿಟ್ಟಳು. "ಬಾ ಅಜ್ಜಿ, ಮಾಡಿದೋರಿಗೇ ಹೇಳೋಣ" ಅಂದು, ತಟ್ಟೆ ಎತ್ತಿಕೊಂಡು ಅಡುಗೆಮನೆಯ ಬಾಗಿಲ ಕಡೆ ನಡೆದಳು. ನಾನೂ ಹಿಂದೆಯೇ ಹೋದೆ.