ಎರಡನೇ ಸಲ ಕೇಳದ ಹೋಟೆಲು

ಶಿಗ್ಗಾಂವದ ನಮ್ಮ ಬಡಾವಣೆಯಲ್ಲಿ ಜಪಾನಿ ಹೋಟೆಲು ತೆರೆದಾಗ ಅದರ ಮಾಲೀಕನಿಗಿಂತ ಹೆಚ್ಚು ಹಿಗ್ಗಿದವನು ನಾನು. ಜಪಾನಿಗಳು ಎರಡು ಕಡ್ಡಿಗಳಲ್ಲಿ ಉಣ್ಣುವ ವಿಡಿಯೊ ಮೊಬೈಲಿನಲ್ಲಿ ನೋಡಿ, ಎರಡು ಪೆನ್ಸಿಲ್ ಹಿಡಿದು ಶೇಂಗಾ ಬೀಜ ಎತ್ತುವುದನ್ನು ಅಭ್ಯಾಸ ಮಾಡಿದೆ. ಹೆಂಡತಿ ನೋಡಿ, "ಕೈಗೇನಾಗೇತ್ರಿ?" ಅಂದಳು.

ಇಷ್ಟೆಲ್ಲ ತಯಾರಿ ಮಾವನಿಗಾಗಿ. ಮಾವ ಎಂದರೆ ಹತ್ತಿಮತ್ತೂರಿನ ನನ್ನ ಅಕ್ಕನ ಗಂಡ. ನಮ್ಮ ಮನೆಯ ಗೃಹಪ್ರವೇಶದಲ್ಲಿ ಹೊಸ ನಮೂನೆ ಇರಲಿ ಎಂದು ನಾನು ಬಫೆ ಇಡಿಸಿದ್ದೆ. ನಮ್ಮ ಕಡೆ ಬೀಗರು ಬೇಡ ಬೇಡ ಎನ್ನಬೇಕು, ಮನೆಯವರು ಒತ್ತಾಯ ಮಾಡಿ ತಾಟಿಗೆ ಹಾಕಬೇಕು. ಅದಿಲ್ಲದ ಊಟ ಊಟವೇ ಅಲ್ಲ. ಬಫೆಯಲ್ಲಿ ಯಾರು ಒತ್ತಾಯ ಮಾಡಬೇಕು? ಮಾವ ಖಾಲಿ ತಾಟು ಇಟ್ಟು ಊರಿಗೆ ಹೋದವರು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಂದಿನಿಂದ ಅಕ್ಕ ನಾಗರಪಂಚಮಿಗೂ ಒಬ್ಬಳೇ ಬಂದು, ಉಂಡಿ ಬಾಯಿಗಿಟ್ಟಂತೆ ಮಾಡಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಅವಳ ಆ ಅವಸರ ನೋಡಿ ನನಗೆ ಬಹಳ ಸಂಕಟವಾಗುತ್ತಿತ್ತು.

ಮೊನ್ನೆ ಇಬ್ಬರೂ ಗೋವಿನಜೋಳ ಮಾರಲು ಬರುವವರಿದ್ದರು. ಅಕ್ಕ ಫೋನ್ ಮಾಡಿ, "ಇವ್ರು ಮನಿಗೆ ಬರಂಗಿಲ್ಲಂತ ತಮ್ಮಾ. ಹೋಟೆಲಿಗಾದ್ರ ಬರ್ತಾರ" ಅಂದಳು. ತಲೆಯಲ್ಲಿ ಬುದ್ಧಿ ಇದ್ದವನು ಸೀದಾ ಖಾನಾವಳಿಗೆ ಕರೆದೊಯ್ಯುತ್ತಿದ್ದ. ನಾನು ಜಪಾನಿಗೆ ಕರೆದೊಯ್ದೆ.

ಮೊದಲು ಬಟ್ಟಲಿನಲ್ಲಿ ಒಂದು ತಿಳಿನೀರು ಬಂತು. "ಇದು ಕುಡಿಯೂದೊ, ಕೈ ತೊಳಿಯೂದೊ?" ಅಂದರು ಮಾವ. ಕುಡಿಯುವುದೆಂದು ವಿವರಿಸಿದೆ. ಅವರು ಅದನ್ನು ಮರ್ಯಾದೆಯಿಂದ ದೂರ ಸರಿಸಿದರು.

ಆಮೇಲೆ ವೇಟರ್ ದೊಡ್ಡ ತಟ್ಟೆ ಹಿಡಿದು ಬಂದ. ಅದರಲ್ಲಿ ಸೌತೆಕಾಯಿ ಇಟ್ಟು, ಸಮುದ್ರದ ಪಾಚಿ ಸುತ್ತಿದ ತಣ್ಣನೆಯ ಅನ್ನದ ತುಂಡುಗಳಿದ್ದವು. ಬೇಕೆಂದವರಿಗೆ ಅವನೇ ಬಡಿಸುತ್ತಿದ್ದ. ಪಾಪ, ಎಲ್ಲಿಂದಲೋ ಬಂದವನು. ಕಲಿತ ಕನ್ನಡ ಬೇಕು, ಬೇಡ, ಅಷ್ಟೇ.

"ಬೇಕು?" ಎಂದ.

"ಬ್ಯಾಡ, ಬ್ಯಾಡ," ಎಂದು ಮಾವ ಸಂಪ್ರದಾಯದಂತೆ ತಾಟಿಗೆ ಕೈ ಅಡ್ಡ ಹಿಡಿದರು. ಗಂಡ ಬೇಡವೆಂದ ಮೇಲೆ ಅಕ್ಕನೂ "ನನಗೂ ಸಾಕ್ರಿ" ಅಂದಳು. ವೇಟರ್ ನಡು ಬಗ್ಗಿಸಿ ನಮಸ್ಕರಿಸಿ ತಟ್ಟೆಯನ್ನು ಮುಂದಿನ ಟೇಬಲಿಗೆ ಒಯ್ದುಬಿಟ್ಟ. ಮಾವ ಅವನ ಬೆನ್ನನ್ನೇ ನೋಡುತ್ತ ಕುಳಿತರು.

ಒತ್ತಾಯ ಮಾಡಬೇಕಾದ ನಾನು ಏನು ಮಾಡುತ್ತಿದ್ದೆ? ನನ್ನ ಪಾಲಿನ ತುಂಡನ್ನು ಕಡ್ಡಿಗಳಲ್ಲಿ ಎತ್ತಿ, ಅದು ಬೀಳದಂತೆ ಉಸಿರು ಬಿಗಿಹಿಡಿದಿದ್ದೆ. ಅದು ತಿಳಿನೀರಿನಲ್ಲಿ ಬಿದ್ದು ನನ್ನ ಅಂಗಿಯೆಲ್ಲ ಒದ್ದೆಯಾದ ಮೇಲೆ, "ತಗೋರಿ ಮಾವಾರ" ಅಂದೆ. ತಗೊಳ್ಳಲು ಏನೂ ಉಳಿದಿರಲಿಲ್ಲ. ವೇಟರನನ್ನು ಕರೆಯಹೋದರೆ ಮಾವ, "ಬ್ಯಾಡ ಅಂದಿದ್ದನ್ನ ಮತ್ತ ಕೇಳಿ ಇಸಗೊಳ್ಳಾಕ ನಾ ಏನ್ ಭಿಕ್ಷಾಕ ಬಂದೇನಿ?" ಅಂದರು. ಶಾವಿಗೆಯಂಥದ್ದು ಬಂತು, ಅದೂ ಹಾಗೆಯೇ ಹೋಯಿತು. ಬೀಗರು ಉಣ್ಣದೆ ನಾನಾದರೂ ಹೇಗೆ ಉಣ್ಣಲಿ? ಮೂವರೂ ಉಪವಾಸ ಎದ್ದೆವು.

ಹೊರಗೆ ಬಂದಾಗ ಬಿಸಿಲು ಸುಡುತ್ತಿತ್ತು. ಅಕ್ಕ ನನ್ನ ಮುಖ ನೋಡಲಿಲ್ಲ. ಒಂದು ಬಫೆಯಿಂದ ಅರ್ಧ ಕಡಿದಿದ್ದ ಬೀಗತನವನ್ನು ಇವತ್ತು ಪೂರ್ತಿ ಕಡಿದೆ ಎಂದು ಅಳು ಬಂದಂತಾಯಿತು. ಮಾವ ಟವೆಲಿನಿಂದ ಮುಖ ಒರೆಸಿಕೊಂಡು ಕೇಳಿದರು:

"ನಿನ್ನ ಹೇಣ್ತಿ ಏನ್ ಅಡಗಿ ಮಾಡ್ಯಾಳ?"

"ರೊಟ್ಟಿ, ಪುಂಡಿಪಲ್ಯೆ, ಮಾವಾರ."

"ನಡಿ ಮತ್ತ. ಹೊಟ್ಟಿ ಚುರುಚುರು ಅನ್ನಾಕತ್ತೈತಿ."

ಮನೆಯಲ್ಲಿ ಮಾವ ಚಾಪೆಯ ಮೇಲೆ ಕುಳಿತು ಉಂಡರು. ನನ್ನ ಹೆಂಡತಿ ರೊಟ್ಟಿಯ ಬುಟ್ಟಿ ಹಿಡಿದು ಬಗ್ಗಿದಳು. "ಅಣ್ಣಾರ, ಇನ್ನೊಂದು ಹಾಕ್ಲೇನ್ರಿ?"

ಅವರು ಬೇಡ ಎನ್ನುವುದನ್ನೇ ಕಾಯುತ್ತ, ನಾನು ಒತ್ತಾಯದ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ. ಮಾವ ತಾಟನ್ನು ಮುಂದೆ ನೂಕಿದರು.

"ಎರಡು ಹಾಕವ್ವಾ ತಂಗಿ. ಬ್ಯಾಡ ಅಂದ್ರ ನೀನೂ ಒಯ್ದುಬಿಟ್ಟೀ!"

ಅಕ್ಕ ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಸಂಜೆಯ ಬಸ್ಸು ಅವಳಿಲ್ಲದೇ ಹೋಯಿತು.