ಬೇಸಿನ್ ಮೇಲಿನ ಬಿಳಿ ಚುಕ್ಕೆ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ತಿರುವನಂತಪುರದ ಪಟ್ಟಂ ಬಡಾವಣೆಯ ನಮ್ಮ ಫ್ಲಾಟುಗಳಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತಾರು ವರ್ಷ ಇಲ್ಲಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನವೇ ಅಲ್ಲ. ಹಾಲಿಗೆ ನೀರು ಬೆರೆಸಿದವನಿಂದ ಹಿಡಿದು ಲಿಫ್ಟಿನಲ್ಲಿ ಉಗುಳಿದವನವರೆಗೆ ಯಾರನ್ನೂ ಬಿಟ್ಟಿಲ್ಲ. ಅಂಥ ನಾನು ಒಂದೇ ಒಂದು ಸುಳ್ಳು ಹೇಳಿದೆ. ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ಹೇಳಿಕೊಳ್ಳದೆ ನನ್ನ ಜೀವಕ್ಕೆ ಸಮಾಧಾನವಿಲ್ಲ.

ನಮ್ಮ ಮನೆಯವರ ಹೆಸರು ಉಮಾಮಹೇಶ್ವರ. ಚಿತ್ರದುರ್ಗದ ಕಡೆಯವರು. ಇಪ್ಪತ್ತಮೂರನೇ ವಯಸ್ಸಿಗೆ ತಿರುವನಂತಪುರಕ್ಕೆ ಬಂದು, ರಾಕೆಟ್ಟಿನ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ಟೆಕ್ನಿಷಿಯನ್ ಆಗಿ ಸೇರಿದವರು. ಮೈಕ್ರೋಸ್ಕೋಪಿನ ಕೆಳಗೆ ಕೂದಲೆಳೆಯಂಥ ತಂತಿಗಳನ್ನು ಬೆಸೆಯುವುದು ಅವರ ಕೆಲಸ. ಒಂದು ಬೆಸುಗೆ ತಪ್ಪಿದರೆ ಮೇಲಕ್ಕೆ ಹೋಗಿ ರಿಪೇರಿ ಮಾಡಿ ಬರೋಕ್ಕಾಗುತ್ತದೇನೇ ಅಂತ ಕೇಳುತ್ತಿದ್ದರು. ಆ ಬೆಂಚಿನ ಮೇಲೆ ಕೂರಬೇಕಾದರೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಪಾಸಾಗಬೇಕು. ಹತ್ತಿರ ಹಿಡಿದ ಕಾರ್ಡಿನ ಅತಿ ಸಣ್ಣ ಅಕ್ಷರ ಓದಬೇಕು, ಬಣ್ಣ ಗುರುತಿಸಬೇಕು. ಮೂವತ್ತು ವರ್ಷ ಇವರು ಒಂದಕ್ಷರ ತಪ್ಪಿದವರಲ್ಲ. ಆ ಸರ್ಟಿಫಿಕೇಟುಗಳನ್ನು ಮದುವೆ ಫೋಟೋಗಿಂತ ಜೋಪಾನವಾಗಿ ಇಟ್ಟಿದ್ದಾರೆ.

ಐದು ವರ್ಷದ ಹಿಂದೆ ಓದುವ ಕನ್ನಡಕ ಬದಲಾಯಿಸಲು ಹೋದಾಗ ಗ್ಲಾಕೋಮಾ ಇದೆ ಅಂತ ಗೊತ್ತಾಯಿತು. ಕಣ್ಣಿನೊಳಗೆ ಒತ್ತಡ ಏರಿ ನರ ಸೊರಗುತ್ತದೆ, ನೋವೂ ಇರುವುದಿಲ್ಲ, ಮೊದಲು ಹೋಗುವುದು ಪಕ್ಕದ ನೋಟ, ನಟ್ಟನಡುವಿನದು ಕೊನೆಗೆ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಮೂರು ಸೀಸೆ ಬರೆದುಕೊಟ್ಟರು. ಹಳದಿ ಮುಚ್ಚಳದ್ದು ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಅದು ಹಾಕಿ ಐದು ನಿಮಿಷ ಬಿಟ್ಟು ಕಿತ್ತಳೆ ಮುಚ್ಚಳದ್ದು. ಅದರೊಳಗಿನ ಔಷಧ ಹಾಲಿನ ಹಾಗೆ ಬೆಳ್ಳಗೆ, ಅಲ್ಲಾಡಿಸಿ ಹಾಕಬೇಕು. ಫ್ರಿಜ್ಜಿನಲ್ಲಿಡುವ ನೀಲಿ ಮುಚ್ಚಳದ್ದು ಮಲಗುವಾಗ ಒಂದೇ ಹನಿ.

ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಅಂಟಿಸಿದೆ. ಮಲಗುವಾಗಿನ ಹನಿ ನಾನೇ ಹಾಕುತ್ತಿದ್ದೆ. ಉಳಿದೆರಡು ತಾವೇ ಹಾಕಿಕೊಳ್ಳುತ್ತೇನೆ ಅಂದರು, ನನ್ನ ಕೈ ನಡುಗಲ್ಲ ಅಂತ ಜಂಬ ಬೇರೆ. ಬೆಳಗ್ಗೆ ಆರೂ ಮುಕ್ಕಾಲಿಗೆ ನನ್ನ ಸ್ಕೂಲ್ ಬಸ್ಸು. ಅಡುಗೆ ಮುಗಿಸಿ ಓಡುವುದೇ ಸಾಕಾಗಿರುತ್ತಿತ್ತು, ಸರಿ ಅಂದೆ. ಆದರೂ ತಿಂಗಳ ಕೊನೆಗೆ ಸೀಸೆ ಅಲ್ಲಾಡಿಸಿ ನೋಡುತ್ತಿದ್ದೆ. ಸರಿಯಾಗಿ ಖಾಲಿಯಾಗಿರುತ್ತಿತ್ತು. ನನಗೆ ಕೋಪ ಬರುತ್ತಿದ್ದುದು ಬೇರೆ ವಿಷಯಕ್ಕೆ. ಬೇಸಿನ್ನಿನ ಅಂಚಿನಲ್ಲಿ, ನಲ್ಲಿಯ ಬುಡದಲ್ಲಿ ದಿನಾ ಬಿಳಿ ಚುಕ್ಕೆಗಳು ಒಣಗಿರುತ್ತಿದ್ದವು. ಐವತ್ತು ದಾಟಿದರೂ ಹಲ್ಲುಜ್ಜಲು ಬರಲ್ಲವೇನ್ರೀ, ಪೇಸ್ಟನ್ನೆಲ್ಲಾ ಉಗುಳಿ ಇಟ್ಟಿದ್ದೀರಲ್ಲ ಅಂತ ಬೈಯುತ್ತಾ ಒರೆಸುತ್ತಿದ್ದೆ. ಅವರು ಮಾತಾಡದೆ ಬೈಸಿಕೊಳ್ಳುತ್ತಿದ್ದರು.

ನಾಲ್ಕು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುವುದು. ಒತ್ತಡ ಅಳೆದರೆ ಬಹಳ ಚೆನ್ನಾಗಿದೆ ಅನ್ನುತ್ತಿದ್ದರು. ಆದರೆ ಪಕ್ಕದ ನೋಟದ ಪರೀಕ್ಷೆ ಮಾಡಿದರೆ ನೋಟ ಹೋದ ಜಾಗ ತೋರಿಸುವ ಕಾಗದದ ಮೇಲಿನ ಕಪ್ಪು ಪ್ರತಿ ಸಲವೂ ದೊಡ್ಡದಾಗಿರುತ್ತಿತ್ತು. ಡ್ರಾಪ್ಸ್ ತಪ್ಪದೆ ಹಾಕುತ್ತೀರಾ ಅಂತ ಅವರು ಕೇಳಿದಾಗ, ಇವರು ಬಾಯಿ ತೆರೆಯುವುದಕ್ಕೆ ಮುಂಚೆ ನಾನೇ ಉತ್ತರ ಕೊಡುತ್ತಿದ್ದೆ. ಒಂದು ದಿನವೂ ತಪ್ಪಿಲ್ಲ ಡಾಕ್ಟರೇ, ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ ಅನ್ನುತ್ತಿದ್ದೆ. ಅಷ್ಟರಲ್ಲಿ ಇವರು ಪಕ್ಕದಿಂದ ಬಂದ ಸ್ಕೂಟರಿಗೆ ಎರಡು ಸಲ ಡಿಕ್ಕಿ ಹೊಡೆಸಿಕೊಂಡಿದ್ದರು. ತಟ್ಟೆಯ ಪಕ್ಕ ಇಟ್ಟ ನೀರಿನ ಲೋಟಕ್ಕೆ ಕೈ ತಗುಲಿಸಿ ಚೆಲ್ಲುವುದು ದಿನನಿತ್ಯದ ಕತೆಯಾಗಿತ್ತು. ಕೇಳಿದರೆ, ಈ ವರ್ಷವೂ ಸರ್ಟಿಫಿಕೇಟ್ ಬಂದಿದೆ ನೋಡು, ಕಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿದೆ ಅನ್ನುತ್ತಿದ್ದರು.

ಕೊನೆಗೆ ಹೋದ ವರ್ಷ, ಬಲಗಣ್ಣು ತೀರಾ ಇಳಿದಿದೆ, ಇಷ್ಟು ಕಡಿಮೆ ಒತ್ತಡವನ್ನೂ ಆ ನರ ತಾಳುತ್ತಿಲ್ಲ, ಆಪರೇಷನ್ ಬೇಕಾಗಬಹುದು ಅಂತ ಕೊಚ್ಚಿಯ ಒಂದು ಆಸ್ಪತ್ರೆಗೆ ಬರೆದುಕೊಟ್ಟರು. ನಮ್ಮ ಮಗಳು ತನ್ವಿ ಅಲ್ಲೇ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಹೋಗಿ ಆಸ್ಪತ್ರೆಗೆ ಸೇರಿಕೊಂಡೆವು.

ಆಪರೇಷನ್ನಿನ ಹಿಂದಿನ ದಿನ ಬೆಳಗ್ಗೆ ನರ್ಸ್ ಬಂದು ಇವರಿಗೆ ಕಿತ್ತಳೆ ಮುಚ್ಚಳದ ಸೀಸೆಯಿಂದ ಹನಿ ಹಾಕಿದಳು. ಹೆಚ್ಚಾದದ್ದು ಕೆನ್ನೆಗಿಳಿಯಿತು. ಹತ್ತು ನಿಮಿಷ ಬಿಟ್ಟು ನೋಡಿದರೆ ಕೆನ್ನೆಯ ಮೇಲೆ ಬೆಳ್ಳಗೆ ಒಣಗಿದ ಚುಕ್ಕೆ. ಈ ಔಷಧವೇ ಹಾಗೆ ಟೀಚರೇ, ಒಣಗಿದರೆ ಸುಣ್ಣದ ಹಾಗೆ ಕೂತುಬಿಡುತ್ತದೆ ಅಂತ ಅವಳು ಹತ್ತಿಯಲ್ಲಿ ಒರೆಸಿದಳು. ಅಷ್ಟು ವರ್ಷ ನಾನು ಬೈದು ಬೈದು ಒರೆಸಿದ್ದು ಇದನ್ನೇ.

ಅವಳು ಹೋಗಲಿ ಅಂತ ಕಾದು ಕೇಳಿದೆ. "ಬೇಸಿನ್ನಿಗೆ ಬಿಡ್ತಿದ್ರೇನ್ರೀ?"

ಅವರು ಗೋಡೆಯ ಕಡೆ ತಿರುಗಿ ಹೇಳಿದರು. "ಬಿಳೀದು ಹಾಕಿದರೆ ಮಂಜು ಮಂಜು ನಿರ್ಮಲಾ. ಬೆಂಚಿನ ಮೇಲೆ ಕೂತರೆ ತಂತಿ ಎರಡಾಗಿ ಕಾಣುತ್ತೆ. ಹಳದೀದು ಹಾಕಿದರೆ ಉರಿ. ಒಂದು ಬೆಸುಗೆ ಕೆಟ್ಟರೆ ನನ್ನನ್ನ ಎಬ್ಬಿಸಿ ಸ್ಟೋರಿಗೆ ಹಾಕ್ತಾರೆ. ನೀನು ಸೀಸೆ ನೋಡ್ತೀಯ ಅಂತ ಅಷ್ಟಷ್ಟು ಸುರಿದುಬಿಡ್ತಿದ್ದೆ."

ಬೆಳಗಿನದು ಪೂರ್ತಿ ಬಿಟ್ಟಿದ್ದರಂತೆ, ಸಂಜೆಯದು ಮನಸ್ಸು ಬಂದರೆ. ಡಾಕ್ಟರ ಹತ್ತಿರ ಹೋಗುವ ಮೂರು ದಿನ ಮುಂಚೆ ಮಾತ್ರ ಗಡಿಯಾರ ನೋಡಿಕೊಂಡು ಹಾಕಿಕೊಳ್ಳುತ್ತಿದ್ದರು. ಆಫೀಸಿನಲ್ಲಿ ಆಡಿಟ್‌ ಬರುವ ಮುಂಚೆ ಉಪಕರಣ ಎಲ್ಲ ಸರಿಮಾಡಿ ಇಡುತ್ತಾರಲ್ಲ, ಹಾಗೆ. ಒತ್ತಡ ಚೆನ್ನಾಗಿ ಬರುತ್ತಿತ್ತು, ಕಾರ್ಡಿನ ಅಕ್ಷರ ಕಾಣುತ್ತಿತ್ತು. ಎರಡು ಪರೀಕ್ಷೆ ಪಾಸಾದ ಮೇಲೆ ಕಣ್ಣಿಗೇನಾಗಿದೆ ಅನ್ನುವುದು ಅವರ ಲೆಕ್ಕ. ನನಗೆ ಕೂಗಾಡಬೇಕು ಅನ್ನಿಸಿತು. ಆಸ್ಪತ್ರೆ ಅಂತ ಎದ್ದು ವರಾಂಡಕ್ಕೆ ಹೋದೆ.

ಅವತ್ತೇ ಮಧ್ಯಾಹ್ನ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ತನ್ವಿ ನನ್ನ ಪಕ್ಕದಲ್ಲಿದ್ದಳು. ನರ ಬಹಳ ಸೊರಗಿದೆ, ಇಂಥ ಕಣ್ಣಿಗೆ ಆಪರೇಷನ್ ಮಾಡಿದರೆ ಅಪರೂಪಕ್ಕೆ ಉಳಿದ ನೋಟವೂ ಆರಿಹೋಗುವುದುಂಟು ಅಂತ ಮೊದಲೇ ಹೇಳಿದರು. ಡ್ರಾಪ್ಸ್ ಸರಿಯಾಗಿ ಹಾಕಿಯೂ ಹೀಗಾಗಿದ್ದರೆ ಬೇರೆ ದಾರಿಯಿಲ್ಲ. ಬಿಟ್ಟಿದ್ದರೆ ಮಾತ್ರ ಆಪರೇಷನ್ ಮುಂದೆ ಹಾಕಿ, ಒಂದೂವರೆ ತಿಂಗಳು ಡ್ರಾಪ್ಸನ್ನೇ ಸರಿಯಾಗಿ ಹಾಕಿ ನೋಡಬಹುದು ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ತಪ್ಪದೆ ಹಾಕಿದ್ದೀರಲ್ಲ ಟೀಚರ್?"

ಮೇಜಿನ ಕೆಳಗೆ ಇವರು ನನ್ನ ಕೈ ಹಿಡಿದುಕೊಂಡರು. ಗಂಡನ ಮರ್ಯಾದೆ ಉಳಿಸಲು ಸುಳ್ಳು ಹೇಳಿದೆ ಅಂತ ಹೇಳಿಕೊಂಡರೆ ಸುಲಭ. ಅಲ್ಲ. ವರ್ಷಗಟ್ಟಲೆ ನಾನೇ ಎದೆ ತಟ್ಟಿಕೊಂಡು ಹೇಳಿದ ಮಾತು, ತಿರುವನಂತಪುರದ ಡಾಕ್ಟರು ಕಳಿಸಿದ ಕಾಗದಗಳಲ್ಲೆಲ್ಲ ಹೆಂಡತಿ ನೋಡಿಕೊಳ್ಳುತ್ತಾರೆ ಅಂತ ಬರೆದಿತ್ತು. ಮಗಳ ಎದುರು, ನನ್ನ ಮೂಗಿನ ಕೆಳಗೇ ನಡೆದದ್ದು ನನಗೆ ತಿಳಿಯಲಿಲ್ಲ ಅಂತ ಒಪ್ಪಿಕೊಳ್ಳಲು ನಾಚಿಕೆಯಾಯಿತು.

"ಒಂದು ದಿನವೂ ತಪ್ಪಿಲ್ಲ" ಅಂದೆ.

ಆಪರೇಷನ್ ಅಚ್ಚುಕಟ್ಟಾಗಿಯೇ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಬಲಗಣ್ಣಿಗೆ ಎದುರಿಗೆ ಕೈ ಆಡಿಸಿದ್ದಷ್ಟೇ ಕಂಡಿತು. ದಿನ ಹೋದರೂ ಅದಕ್ಕಿಂತ ಹೆಚ್ಚು ಕಾಣಲಿಲ್ಲ. ಯಾರ ತಪ್ಪೂ ಅಲ್ಲ, ಆ ನರದಲ್ಲಿ ಶಕ್ತಿ ಉಳಿದಿರಲಿಲ್ಲ ಅಂತ ಡಾಕ್ಟರು ಬೇಜಾರು ಮಾಡಿಕೊಂಡರು. ತನ್ವಿ ಮಲಯಾಳಂನಲ್ಲಿ ನನ್ನನ್ನೇ ಸಮಾಧಾನ ಮಾಡಿದಳು, ಅಮ್ಮ ನೀನು ಇಷ್ಟು ಮಾಡಿದೆಯಲ್ಲ ಅಂತ. ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಈಗ ಉಳಿದಿರುವುದು ಎಡಗಣ್ಣು, ಅದೂ ಕೊಳವೆಯೊಳಗಿಂದ ನೋಡಿದ ಹಾಗೆ. ಬೆಂಚು ಬಿಟ್ಟು ಮನೆಯಲ್ಲಿದ್ದಾರೆ. ನಾನು ಕೆಲಸ ಬಿಟ್ಟೆ. ಮೂರೂ ಸೀಸೆ ನನ್ನ ಕೈಯಲ್ಲೇ. ಹನಿ ಬಿಟ್ಟು, ಮೂಗಿನ ಪಕ್ಕ ಕಣ್ಣಿನ ಮೂಲೆ ಒತ್ತಿಹಿಡಿದು, ಐದು ನಿಮಿಷ ಎಣಿಸುತ್ತೇನೆ. ಬೇಸಿನ್ ಚೊಕ್ಕಟವಾಗಿದೆ.

ಹೋದ ವಾರ ಒಂದು ಸಂಜೆ ತಿರುವನಂತಪುರದ ಡಾಕ್ಟರು ಹೊಸ ಕಾಗದವನ್ನೂ ಎಂಟು ತಿಂಗಳ ಹಿಂದಿನದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಕಪ್ಪು ಒಂದು ಚೂರೂ ಬೆಳೆದಿರಲಿಲ್ಲ. ಅವರಿಗೆ ಖುಷಿಯೋ ಖುಷಿ. ಈ ಕಣ್ಣಿಗೆ ಆಪರೇಷನ್ ಬೇಡ, ಇದೇ ಡ್ರಾಪ್ಸ್ ಸಾಕು, ಇವೇ ಕಾಯುತ್ತವೆ ಅಂದರು.

ಆಟೋದಲ್ಲಿ ಮನೆಗೆ ಹೊರಟೆವು. ಸಿಗ್ನಲ್ಲಿನ ಹತ್ತಿರ ಆಟೋ ನಿಂತಾಗ ಇವರು ನನ್ನ ಕಡೆ ಪೂರ್ತಿ ತಿರುಗಿದರು. ಈಗ ಹಾಗೆ ತಿರುಗದಿದ್ದರೆ ಅವರಿಗೆ ನಾನು ಕಾಣುವುದಿಲ್ಲ.

"ಹಾಗಾದರೆ ಬಲಗಣ್ಣಿಗೂ ಡ್ರಾಪ್ಸೇ ಸಾಕಾಗ್ತಿತ್ತೇನೇ?"

ನಾನು ಗಡಿಯಾರ ನೋಡಿದೆ.

"ಏಳಾಗ್ತಾ ಬಂತು ರೀ" ಅಂದೆ. "ಹಳದಿ ಮುಚ್ಚಳದ್ದು ಹಾಕಬೇಕು."