ಇಳಿಯದೆ ಮೇಲೆದ್ದ ವಿಮಾನವೂ ಒಂದು ತಾಂಬೂಲದ ತಟ್ಟೆಯೂ

ನೆಲದ ಹತ್ತಿರಕ್ಕೆ ಬಂದ ವಿಮಾನ ಇಳಿಯದೆ ಮತ್ತೆ ಮೇಲೇರುವುದು ಸುರಕ್ಷತೆಯ ಮಾಮೂಲು ಕ್ರಮ ಎಂಬ ವಿಷಯವಾಗಿ ನಾನು ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ ಭಾಷಣ ಮಾಡಿದೆ. ಅದಾದ ಅರ್ಧ ಗಂಟೆಯಲ್ಲಿ ಒಬ್ಬರ ಮೂಗು ಮುರಿಯಿತು, ನನ್ನ ಹಲ್ಲುಸೆಟ್ಟು ಎರಡು ತುಂಡಾಯಿತು. ಭಾಷಣವೇನೋ ಚೆನ್ನಾಗಿಯೇ ಇತ್ತು ಎಂಬುದು ಈಗಲೂ ನನ್ನ ಅಭಿಪ್ರಾಯ.

ಅಕ್ಕನ ಮಗಳಿಗೆ ಗುಂಡ್ಲುಪೇಟೆಯ ಗಂಡು ಗೊತ್ತಾಗಿತ್ತು. ಹುಡುಗಿ ಇಲ್ಲೇ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದಾಳೆ. ಗಂಡು ಹೈದರಾಬಾದಿನ ಔಷಧಿ ಗೋದಾಮೊಂದರಲ್ಲಿ ಸೂಪರ್‌ವೈಸರು. ತಾಂಬೂಲ ಬದಲಾಯಿಸುವ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಹೋಗಿ ಒಂದು ಹೊತ್ತು ಉಂಡು ಬರಬೇಕೆಂಬುದು ನಮ್ಮ ಕಡೆಯ ಕ್ರಮ. ಹೀಗಾಗಿ ಹರದನಹಳ್ಳಿಯಲ್ಲಿ ಅರಿಸಿನ ಬೆಳೆಯುವ ನನ್ನ ಭಾವನವರೂ ನಾನೂ ಹೈದರಾಬಾದಿಗೆ ಹೋದೆವು. ನಾನು ತಾಲ್ಲೂಕು ಕಚೇರಿಯ ಶಿರಸ್ತೇದಾರನಾಗಿ ನಿವೃತ್ತನಾದವನು, ಪರಿಶೀಲನೆ ನನಗೆ ಹೊಸದಲ್ಲ. ನಲ್ಲಿಯಲ್ಲಿ ನೀರು ಬರುತ್ತಿತ್ತು, ಹುಡುಗ ಬಡಿಸಿದ ಅನ್ನ ಬೆಂದಿತ್ತು. ಭಾವ ಒಪ್ಪಿದರು. ನಿಶ್ಚಿತಾರ್ಥದ ಹಿಂದಿನ ದಿನ ಮೂವರೂ ಒಟ್ಟಿಗೇ ಮೈಸೂರಿನ ವಿಮಾನ ಹತ್ತಿದೆವು.

ರೆಕ್ಕೆಗೆ ಫ್ಯಾನು ಕಟ್ಟಿದಂಥ ಚಿಕ್ಕ ವಿಮಾನ ಅದು. ಮಳೆಗಾಲಕ್ಕೆ ಮುಂಚಿನ ದಿನಗಳು. ಮೈಸೂರು ಹತ್ತಿರವಾದಂತೆ ಗಾಳಿ ನಮ್ಮನ್ನು ಜರಡಿಗೆ ಹಾಕಿ ಆಡಿಸತೊಡಗಿತು. ಕಿಟಕಿಯ ಪಕ್ಕ ಭಾವ, ನಡುವೆ ನಾನು, ಹಾದಿಯ ಕಡೆಗೆ ಗಂಡು ಎಂದು ಹೇಳುವಂತಿಲ್ಲ, ಏಕೆಂದರೆ ಅದರಲ್ಲಿ ಒಂದು ಬದಿಗೆ ಎರಡೇ ಸೀಟು. ಭಾವ ಕಿಟಕಿಗೆ, ಗಂಡು ಅವರ ಪಕ್ಕಕ್ಕೆ, ನಾನು ಅವರ ಬೆನ್ನಿಗೆ. ತೆಂಗಿನ ಗರಿಗಳು ಎಣಿಸುವಷ್ಟು ಹತ್ತಿರ ಬಂದವು. ಓಡುಹಾದಿಯ ಬಿಳಿ ಪಟ್ಟೆ ಕಂಡಿತು. ಭಾವ ಆಗಲೇ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಿದ್ದರು.

ಆಗ ಯಾರೋ ಪಕ್ಕದಿಂದ ಒದ್ದಂತೆ ವಿಮಾನ ಒಂದು ಕಡೆಗೆ ವಾಲಿತು. ಮರುಕ್ಷಣವೇ ಎರಡೂ ಇಂಜಿನ್ನುಗಳು ಅರಚಿಕೊಂಡವು. ಬೆನ್ನು ಸೀಟಿಗೆ ಅಂಟಿತು, ವಿಮಾನದ ಮೂತಿ ಆಕಾಶಕ್ಕೆ ಎದ್ದಿತು. ತಲೆಯ ಮೇಲಿನ ಗೂಡಿನ ಬಾಗಿಲೊಂದು ಬಿಚ್ಚಿಕೊಂಡು, ಅದರಿಂದ ಬಿದ್ದ ಪೆಟ್ಟಿಗೆ ಮುಂದಿನ ಸಾಲಿನ ಒಬ್ಬರ ಭುಜವನ್ನು ಜಜ್ಜಿತು. ಹೆಂಗಸರು ಕೂಗಿದರು. ಗಂಡು "ಅವ್ವೋ" ಎಂದ. ಭಾವ ದೇವರನ್ನು ಕರೆದರೋ ಪೈಲಟ್ಟಿನ ವಂಶವನ್ನು ಬೈದರೋ ಸದ್ದಿನಲ್ಲಿ ತಿಳಿಯಲಿಲ್ಲ.

ಹಾದಿಯ ಆಚೆ ಬದಿ ಕೂತಿದ್ದ ಕಾಲೇಜು ವಯಸ್ಸಿನ ಒಬ್ಬ, ಗಂಡಿನ ಕಡೆ ಬಾಗಿ, "ಹೆದರ್ಕೋಬೇಡಿ ಸಾರ್, ಇದು ಗೋ-ಅರೌಂಡು. ನಾರ್ಮಲ್ಲು," ಎಂದ.

ಗಂಡು ಹಾದಿಯಾಚೆಗೆ ಕೈ ಬೀಸಿ ಅವನ ಕೆನ್ನೆಗೆ ಹೊಡೆದ. ಇಂಜಿನ್ನಿನ ಸದ್ದಿನಲ್ಲೂ ಏಟು ಕೇಳಿಸಿತು. "ನಾರ್ಮಲ್ಲಂತೆ ನಾರ್ಮಲ್ಲು," ಎಂದು ಇನ್ನೊಂದು ಕೊಟ್ಟ. ಸಿಬ್ಬಂದಿ ತಮ್ಮ ಸೀಟುಗಳಿಗೆ ಬೆಲ್ಟು ಬಿಗಿದುಕೊಂಡಿದ್ದರಿಂದ ಅವರಿಗಿದು ಕಾಣಲಿಲ್ಲ. ಕಂಡ ಭಾವ ಮಾತ್ರ ಹಿಂದೆ ತಿರುಗಿ, "ಗಂಡು ಚುರುಕಾಗವ್ನೆ ಕಣಪ್ಪ," ಎಂದರು.

ಗಾಳಿ ದಿಢೀರನೆ ದಿಕ್ಕು ಬದಲಿಸಿದ್ದರಿಂದ ಇಳಿಯಲಿಲ್ಲ, ಒಂದು ಸುತ್ತು ಹಾಕಿ ಮತ್ತೆ ಇಳಿಯುತ್ತೇವೆ ಎಂದು ಕ್ಯಾಪ್ಟನ್ ಸ್ಪೀಕರಿನಲ್ಲಿ ಹೇಳಿದರು. ಎರಡನೆಯ ಬಾರಿ ವಿಮಾನ ಒಳ್ಳೆಯ ಎತ್ತಿನ ಗಾಡಿಯ ಹಾಗೆ ಇಳಿಯಿತು. ಏಟು ತಿಂದ ಹುಡುಗನಲ್ಲಿ ನಾನು ಕ್ಷಮೆ ಕೇಳಿದೆ. "ಬುಡಿ ಸಾರ್, ನಿಮ್ಮೋರಾ?" ಎಂದ. ಇನ್ನೂ ಆಗಿಲ್ಲ ಎಂದೆ.

ಕೆಳಗೆ ಸಹ-ಪೈಲಟ್ ರೆಕ್ಕೆಯಡಿ ನಿಂತು ಚಕ್ರಗಳನ್ನು ನೋಡುತ್ತಿದ್ದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮಂಗಳೂರಿನ ಕಡೆಯದು. ಗಂಡು ನೇರ ಅವಳ ಮುಂದೆ ನಿಂತು, "ಇಳಿಸಕ್ಕೆ ಬರ್ದಿದ್ರೆ ಯಾಕ್ ಓಡುಸ್ತೀರಿ?" ಎಂದ.

"ಇಳಿಸ್ಲಿಕ್ಕೆ ಬರ್ತದೆ ಸರ್," ಎಂದಳು ಅವಳು. "ಯಾವಾಗ ಇಳಿಸಬಾರ್ದು ಅಂತ ಕೂಡ ಕಲಿಸಿದ್ದಾರೆ."

ಗಂಡು ಉಗುಳಿ ಮುಂದೆ ನಡೆದ. ನಾನು ನಿಂತೆ. ಕೇಳಿದ್ದಕ್ಕೆಲ್ಲ ಅವಳು ಬೇಸರವಿಲ್ಲದೆ ಉತ್ತರ ಕೊಟ್ಟಳು. ಇಳಿಯುವಾಗ ಇಂತಿಷ್ಟು ಎತ್ತರಕ್ಕೆ ಬರುವ ಹೊತ್ತಿಗೆ ವೇಗ, ದಿಕ್ಕು, ಇಳಿಜಾರು ಎಲ್ಲವೂ ಸರಿಯಾಗಿರಬೇಕು. ಒಂದು ತಪ್ಪಿದ್ದರೂ ಅದನ್ನು ತಿದ್ದುತ್ತ ಕೆಳಗಿಳಿಯುವುದಿಲ್ಲ. ಪೂರ್ತಿ ಶಕ್ತಿ ಕೊಟ್ಟು ಮೇಲೇರುತ್ತಾರೆ. ಹಟ ಹಿಡಿದು ಇಳಿಸಿದರೆ ಚಕ್ರ ಮುಟ್ಟಬೇಕಾದ ಜಾಗ ಹಿಂದೆ ಉಳಿಯುತ್ತದೆ, ಮುಂದಿನ ಹಾದಿ ಬ್ರೇಕಿಗೆ ಸಾಲದೆ ಹೋಗುತ್ತದೆ. ಓಡುಹಾದಿಯಲ್ಲಿ ಇನ್ನೊಂದು ವಿಮಾನವೋ ನಾಯಿಯೋ ಇದ್ದರೂ ಹೀಗೇ. ಒಂದು ಸುತ್ತಿಗೆ ಬೇಕಾದ ಇಂಧನ ಮೊದಲೇ ತುಂಬಿರುತ್ತದೆ. ಇಂಜಿನ್ನು ತಣ್ಣಗಾಗಬೇಕಾದ ಹೊತ್ತಿನಲ್ಲಿ ಅರಚುವುದರಿಂದ ಒಳಗಿದ್ದವರಿಗೆ ಭಯವಾಗುತ್ತದೆ. ಪೈಲಟ್ಟುಗಳಿಗೆ ಅದು ದಿನದ ಅಭ್ಯಾಸದ ಪಾಠ.

ಮಾರನೆಯ ಬೆಳಗ್ಗೆ ಮಂಟಪದಲ್ಲಿ, ತಿಂಡಿಯ ಪಂಕ್ತಿಯಲ್ಲಿ, ಭಾವ ಈ ಕಥೆಯನ್ನು ಉತ್ಸಾಹದಿಂದ ಹೇಳಿದರು. ಎದುರಿಗೆ ಕೂತಿದ್ದವರು ಗಂಡಿನ ದೊಡ್ಡಪ್ಪ; ಗುಂಡ್ಲುಪೇಟೆಯಿಂದ ಕೇರಳಕ್ಕೆ ಚೆಂಡು ಹೂವಿನ ಲಾರಿ ಕಳಿಸುವ ವ್ಯಾಪಾರ ಅವರದು. ಕೈಯಲ್ಲಿದ್ದ ಇಡ್ಲಿಯನ್ನು ಅವರು ಎಲೆಗೆ ವಾಪಸು ಇಟ್ಟರು.

"ನೆಲ ಕಂಡ್ಮೇಲೂ ಕಾಲೂರ್ದೆ ವಾಪಸ್ ಓಯ್ತಾ?"

"ಓಯ್ತು," ಎಂದರು ಭಾವ, ಇನ್ನೂ ಹೆಮ್ಮೆಯಿಂದ.

"ಗಂಡ್ನೂ ಹೆಣ್ಣಿನ ಅಪ್ಪನ್ನೂ ಒಟ್ಗೆ ಕೂರುಸ್ಕಂಡು ವಾಪಸ್ ಓಯ್ತು. ಇದಕ್ಕಿನ್ನ ಅಪಶಕುನ ಬೇಕಾ? ನಿಲ್ಸಿ ಶಾಸ್ತ್ರವ."

ಸಾಂಬಾರಿನ ಬಕೆಟ್ಟು ಹಿಡಿದಿದ್ದವನು ಅಲ್ಲೇ ನಿಂತ. ಅಕ್ಕನ ಮುಖ ಬಿಳಿಚಿಕೊಂಡಿತು. ಅಡುಗೆಯವರು ಇನ್ನೂರು ಎಲೆಯ ಊಟಕ್ಕೆ ಒಲೆ ಹೊತ್ತಿಸಿದ್ದರು. ಸಂಬಂಧ ಉಳಿಸಲು ಯಾರಾದರೂ ಏನಾದರೂ ಹೇಳಬೇಕಿತ್ತು; ಈ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲವನು ನಾನೊಬ್ಬನೇ. ಎದ್ದು ನಿಂತು ಕೈ ತೊಳೆದು ಆರಂಭಿಸಿದೆ.

ಗಾಳಿ, ವೇಗ, ಇಳಿಜಾರು, ಇಂಧನ ಎಲ್ಲವನ್ನೂ ಸಭೆಯ ಅವಗಾಹನೆಗೆ ತಂದೆ. ವಾಪಸು ಹೋಗುವುದು ಸೋಲಲ್ಲ, ಕೆಟ್ಟ ಸೂಚನೆಯೂ ಅಲ್ಲ, ಸರಿಯಿಲ್ಲವೆಂದು ಕಂಡಾಗ ಮಾಡಬೇಕಾದ ಮಾಮೂಲು ಕೆಲಸ ಎಂದೆ. ದೊಡ್ಡಪ್ಪನವರು ಅಲುಗಲಿಲ್ಲ.

"ಕೇರಳದ ದಾರಿಯ ಮದ್ದೂರಿನ ಕಾಡಲ್ಲಿ ರಸ್ತೆಗೆ ಆನೆ ನಿಂತಿದೆ ಅನ್ನಿ," ಎಂದೆ. "ನಿಮ್ಮ ಡ್ರೈವರು ಲಾರಿ ಹಿಂದಕ್ಕೆ ತಗೊಂಡ್ರೆ ಬಯ್ತೀರಾ?"

"ತಗೀದೆ ಓದ್ರೆ ಬಯ್ಯಕ್ಕೆ ಅವ್ನೆಲ್ಲಿ ಇದ್ದಾನು," ಎಂದರು ಅವರು. ಪಂಕ್ತಿ ನಕ್ಕಿತು. ಅವರೂ ಸ್ವಲ್ಪ ನಕ್ಕು ಇಡ್ಲಿಯನ್ನು ಮತ್ತೆ ಕೈಗೆತ್ತಿಕೊಂಡರು. ಶಾಸ್ತ್ರ ಉಳಿಯಿತು. ನಾನು ಕೂತೆ.

ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಭಾವನವರ ತಮ್ಮ, ಹುಡುಗಿಯ ಚಿಕ್ಕಪ್ಪ, ಸಭೆ ನಗುತ್ತಿರುವಾಗ ಸುಮ್ಮನಿರಬಲ್ಲ ಮನುಷ್ಯನಲ್ಲ. ಹೊಸ ಪಂಚೆಯುಟ್ಟು ಆಗಷ್ಟೇ ಒಳಗೆ ಬಂದ ಗಂಡನ್ನು ನೋಡಿ, "ಏನಪ್ಪ, ಪ್ಲೇನು ಎದ್ದೇಟ್ಗೆ ಅವ್ವೋ ಅಂದ್ಯಂತಲ್ಲ? ಹೆದ್ರಿಕಂಡು ಪಕ್ಕದ ಹುಡ್ಗನ ಕೆನ್ನೆಗೆ ಹೊಡುದ್ಯಂತೆ?" ಎಂದರು.

ಗಂಡು ಪಂಕ್ತಿಯ ತುದಿಯಲ್ಲಿದ್ದ ಹಿತ್ತಾಳೆ ಚೊಂಬನ್ನು ನೀರಿನ ಸಮೇತ ಎತ್ತಿಕೊಂಡು ಬಂದು ಚಿಕ್ಕಪ್ಪನವರ ಮುಖಕ್ಕೆ ಬೀಸಿದ. ಮೂಗು ಮುರಿದದ್ದು ಹಸಿ ಕಡ್ಡಿ ಮುರಿದಂತೆ ಕೇಳಿಸಿತು. ರಕ್ತ ಇಡ್ಲಿಯ ಮೇಲೆ ಬಿತ್ತು. ಬಿದ್ದವರ ಪಕ್ಕೆಗೆ ಒದ್ದ, ಮತ್ತೆ ಒದ್ದ. ನಮ್ಮ ಕಡೆಯ ಇಬ್ಬರು ಅವನ ಮೇಲೆ ಬಿದ್ದರು, ಅವರ ಮೇಲೆ ಗುಂಡ್ಲುಪೇಟೆಯವರು. ಪ್ಲಾಸ್ಟಿಕ್ ಕುರ್ಚಿಗಳು ಬೆನ್ನುಗಳ ಮೇಲೆ ಒಡೆದವು. ಒಬ್ಬನಿಗೆ ಸಾಂಬಾರಿನ ಸೌಟೇ ಆಯುಧವಾಯಿತು. ಬಿಸಿ ಸಾಂಬಾರು ಯಾವ ಪಕ್ಷವನ್ನೂ ನೋಡದೆ ಎಲ್ಲರನ್ನೂ ಸುಟ್ಟಿತು. ಸೀರೆಯುಟ್ಟು ಕೋಣೆಯಿಂದ ಓಡಿ ಬಂದ ಹುಡುಗಿ ಗಂಡಿನ ಮಣಿಕಟ್ಟು ಹಿಡಿದು, "ಸಾಕು ಬುಡಿ, ಸತ್ತೋಯ್ತರೆ," ಎಂದಳು. ಅವನು ತಿರುಗಿ, ಯಾರೆಂದು ನೋಡಿ, ನೋಡಿದ ಮೇಲೆಯೇ, ಅವಳ ಬಾಯಿಗೆ ಹೊಡೆದ.

ತುಟಿ ಸೀಳಿತು. ಆಗ ಮಂಟಪ ಸುಮ್ಮನಾಯಿತು.

ಸುಮ್ಮನಾದ ಮೇಲೆ ಹಿರಿಯರು ಹಿರಿಯರ ಕೆಲಸಕ್ಕೆ ಇಳಿದರು. ನೆಲ ಒರೆಸಿಸಿದರು. ಚಿಕ್ಕಪ್ಪನವರ ಮೂಗಿಗೆ ಟವೆಲು ಒತ್ತಿ ಮೂಲೆಗೆ ಕೂರಿಸಿದರು. ಎರಡೂ ಕಡೆಯವರಿಗೆ ಏಟು ಬಿದ್ದಿರುವುದರಿಂದ ಲೆಕ್ಕ ಸರಿಹೋಯಿತೆಂದು ಯಾರೋ ತೀರ್ಪು ಕೊಟ್ಟರು. "ಬಿಸಿ ರಕ್ತ, ಮದ್ವೆ ಆದ್ಮೇಲೆ ಸರಿ ಓಯ್ತದೆ," ಎಂದರು ದೊಡ್ಡಪ್ಪ. ಮುಹೂರ್ತ ಮೀರುತ್ತದೆಂದು ಪುರೋಹಿತರು ಗಂಟಲು ಸರಿಮಾಡಿಕೊಂಡರು. ಭಾವ ತಾಂಬೂಲದ ತಟ್ಟೆ ಎತ್ತಿಕೊಂಡರು. ಅದು ಈ ಕೈಯಿಂದ ಆ ಕೈಗೆ ಹೋದರೆ ಮಾತು ಮುಗಿದಂತೆ. ಆಮೇಲೆ ಮುರಿಯುವುದು ನಮ್ಮಲ್ಲಿ ಇಲ್ಲ.

"ತಟ್ಟೆ ಕೊಡಬ್ಯಾಡ ಅಪ್ಪ," ಎಂದಳು ಹುಡುಗಿ. ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದರೂ ಮಾತು ಸ್ಪಷ್ಟವಾಗಿತ್ತು.

"ಸುಮ್ನಿರಮ್ಮಿ. ಇಷ್ಟ್ ಹತ್ರ ಬಂದ್ಬುಟ್ಟು?"

"ಹತ್ರ ಬಂದಿದ್ಕೇ ಕಂಡದ್ದು."

"ಜನ ಏನಂದಾರು?"

"ಮಾವ ಈಗ್ ತಾನೇ ಅಂದ್ರಲ್ಲ. ಸರಿಯಿಲ್ಲ ಅಂತ ಕಂಡ್ರೆ ವಾಪಸ್ ಓಗದು ಮಾಮೂಲು ಅಂತ. ಎಲ್ರೂ ಕೇಳುಸ್ಕಂಡ್ರಿ. ತಲೆನೂ ಆಡುಸುದ್ರಿ."

ಇನ್ನೂರು ಜನ ನನ್ನ ಕಡೆ ತಿರುಗಿದರು. ಸದರಿ ಹೇಳಿಕೆ ವಿಮಾನಗಳಿಗೆ ಮಾತ್ರ ಅನ್ವಯಿಸತಕ್ಕದ್ದು ಎಂದು ಸ್ಪಷ್ಟೀಕರಣ ಕೊಡಲು ನನಗೆ ಅವಕಾಶವಿತ್ತು. ಮೂವತ್ತು ವರ್ಷ ಅಂಥ ಸ್ಪಷ್ಟೀಕರಣಗಳನ್ನು ಬರೆದೇ ಬದುಕಿದವನು. ಅವಳ ತುಟಿ ನೋಡಿದೆ. "ಅಂದೆ," ಎಂದೆ. "ಅದು ಅವಳಿಗೂ ಸಲ್ಲುತ್ತೆ."

ಭಾವ ಮಗಳ ಮೇಲೆ ಕೈ ಎತ್ತಿದರು. ನಾನು ನಡುವೆ ಹೋದೆ. ಅರಿಸಿನ ಅಗೆದ ಕೈ ಅದು. ನನ್ನ ದವಡೆಗೆ ಬಿದ್ದಾಗ ಮೇಲಿನ ಹಲ್ಲುಸೆಟ್ಟು ಹಾರಿ, ಕಂಬಕ್ಕೆ ಬಡಿದು ಎರಡಾಯಿತು. ತಟ್ಟೆಯೂ ಬಿತ್ತು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ನೆಲದ ತುಂಬ ಉರುಳಿದವು. ಎತ್ತಿಕೊಳ್ಳಲು ಯಾರೂ ಬಾಗಲಿಲ್ಲ. ಗುಂಡ್ಲುಪೇಟೆಯವರು ಹೋಗುವಾಗ ಹೊರಗೆ ನಿಂತಿದ್ದ ಭಾವನವರ ಜೀಪಿನ ಗಾಜಿಗೆ ಕಲ್ಲು ಹಾಕಿ ಹೋದರು.

ಆಸ್ಪತ್ರೆಯಲ್ಲಿ ಚಿಕ್ಕಪ್ಪನವರ ಮೂಗಿಗೆ ಪಟ್ಟಿ ಬಿತ್ತು, ಹುಡುಗಿಯ ತುಟಿಗೆ ಹೊಲಿಗೆ. ಏನಾಯಿತೆಂದು ಕೇಳಿದ ಡಾಕ್ಟರಿಗೆ ಚಿಕ್ಕಪ್ಪ "ಶುಭಕಾರ್ಯ" ಎಂದರು. ಭಾವ ಹೊರಗಿನ ಬೆಂಚಿನ ಮೇಲೆ ನನ್ನಿಂದ ದೂರ ಕೂತಿದ್ದರು. ಎದುರಿನ ಗೋಡೆಯನ್ನು ನೋಡುತ್ತ ಕೇಳಿದರು.

"ಆ ಪೈಲಟ್ ಹೆಣ್ಮಗಿಗೆ, ಇಳಿಸ್ನಿಲ್ಲ ಅಂತ ಅವ್ಳ ಮೇಲ್ನೋರು ಬಯ್ಯದಿಲ್ವ?"

ಹಲ್ಲಿಲ್ಲದ ಬಾಯಲ್ಲಿ ಗಾಂಭೀರ್ಯ ಉಳಿಸಿಕೊಳ್ಳುವುದು ಕಷ್ಟ. ಆದರೂ ಹೇಳಿದೆ. "ಇಲ್ಲ ಭಾವ. ಅದನ್ನೂ ಕೇಳಿದ್ದೆ. ಬಯ್ಯಲೇಬಾರದು ಅಂತ ಇದೆಯಂತೆ. ಒಂದು ಸಲ ಬಯ್ದರೆ, ಇನ್ನೊಂದು ಸಲ ಬೈಗುಳಕ್ಕೆ ಹೆದರಿ ಇಳಿಸಿಬಿಡ್ತಾರೆ. ಆಮೇಲೆ ಬಯ್ಯೋಕೂ ಯಾರೂ ಇರಲ್ಲ."

ಭಾವ ನನ್ನಲ್ಲಿ ಕ್ಷಮೆ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಎದ್ದು ಒಳಗೆ ಹೋಗಿ ಮಗಳ ಮಂಚದ ಪಕ್ಕ ನಿಂತರು. ಅವಳು ಅವರ ಕೈಯನ್ನೇ ನೋಡುತ್ತಿದ್ದಳು. ಭಾವ ಆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು.

"ಏನಾರ ತಿಂದ್ಯಾ ಅಮ್ಮಿ?"

"ಇಲ್ಲ."

"ಇನ್ನೂರೆಲೆ ಅಡ್ಗೆ ಹಂಗೇ ಬಿದ್ದದೆ. ನಡಿ, ಓಗನ."

"ತುಟಿ ಆಡ್ಸಕ್ಕಾಗಲ್ಲ."

"ಪಾಯ್ಸ ಕುಡಿ," ಎಂದರು ಭಾವ, ಮತ್ತು ಅವಳ ಚಪ್ಪಲಿಗಳನ್ನು ಕಾಲಿನಿಂದ ಅವಳ ಕಡೆಗೆ ಸರಿಸಿದರು.